ಡೀಸೆಲ್ ಹೊಗೇಲಿ ಇರೋದು ಮಸಿಯೋ ಬೂದಿಯೋ? ಮತ್ತೆ ‘ಇಲ್ಲಣ’ದ ಬಗ್ಗೆ

ಎಲ್ರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಅಂತ ಇಂಧನ, ವಾಯುಮಾಲಿನ್ಯದ ಮೇಲೆ ಒಂದು ಸಣ್ಣ ಪುಸ್ತಕ ಮಾಡ್ತಿದೀವಿ. ಕರಡಲ್ಲಿ ಒಬ್ರು “ಡೀಸೆಲ್ ಅಪೂರ್ಣವಾಗಿ ದಹಿಸಿದಾಗ ಬೂದಿ ಹೊರಬರುತ್ತದೆ” ಅಂತ ಬರ್ದಿದಾರೆ, ನಂಗೆ ಆ ಬೂದಿ ಹತ್ರಾನೇ ತಡೀತು.

ಬೂದಿ ಅಂದ್ರೆ ಸುಡೋದೆಲ್ಲ ಸುಟ್ಟು ಮುಗಿದ ಮೇಲೆ ಉಳಿಯೋದು, ಸೌದೇಲೋ ಕಲ್ಲಿದ್ದಲಲ್ಲೋ ಇರೋ ಖನಿಜದ ಅಂಶ. ರಾಯಚೂರಿನ ಶಕ್ತಿನಗರದ ಸ್ಥಾವರದ್ದನ್ನ ಹಾರುಬೂದಿ ಅಂತೀವಲ್ಲ, ಅದು ಸರಿ, ಅಲ್ಲಿ ಉರಿಸೋದು ಕಲ್ಲಿದ್ದಲು. ಆದ್ರೆ ಡೀಸೆಲಲ್ಲಿ ಹೆಚ್ಚಾಗಿರೋ ಆಲ್ಕೇನು ಅನ್ನೋ ಸಂಯುಕ್ತಗಳಲ್ಲಿ (ಮೀಥೇನು ಇವುಗಳಲ್ಲೇ ತೀರಾ ಸಣ್ಣದು) ಇರೋದೇ ಕಾರ್ಬನ್ನು ಹೈಡ್ರೋಜನ್ನು ಎರಡೇ. ಮೀಥೇನಿಗೆ ಬೇಕಾದಷ್ಟು ಆಕ್ಸಿಜನ್ ಸಿಕ್ರೆ ಪೂರ್ತಿ ಕಾರ್ಬನ್ ಡೈಆಕ್ಸೈಡು, ನೀರಾವಿ ಆಗಿ ಹೋಗತ್ತೆ, ಹಿಂದೆ ಏನೂ ಉಳಿಯಲ್ಲ. ಗಾಳಿ ಸಾಲದೇ ಹೋದ್ರೆ ಕಾರ್ಬನ್ ಮಾನಾಕ್ಸೈಡು ಹುಟ್ಟತ್ತೆ, ಅದರ ಜೊತೆಗೆ ಸುಡದೇ ಉಳಿದ ಕಾರ್ಬನ್ನು ಕರೀ ಕಣಗಳಾಗಿ ಈಚೆ ಬರತ್ತೆ, ಅಂದ್ರೆ ಇನ್ನೂ ಸುಡಬಹುದಾದ ಮಾಲು ಅದು, ಬೂದಿಗೆ ಪೂರ್ತಿ ಉಲ್ಟಾ.

ಅದಕ್ಕೇ ಮಸಿ ಅಂತ ತಿದ್ದಿದೀನಿ. ಗ್ಯಾಸ್ ಒಲೆ ಬರ್ನರ್ ತೂತು ಕಟ್ಕೊಂಡು ಉರಿ ಹಳದಿ ಆದಾಗ ಪಾತ್ರೆ ತಳಕ್ಕೆ ಹಿಡಿಯೋದು ಇದೇ ತಾನೆ (ಸಿಲಿಂಡರಲ್ಲಿರೋ ಪ್ರೊಪೇನು, ಬ್ಯೂಟೇನು ಆಲ್ಕೇನುಗಳೇ). ಜೊತೇಲಿ ಕೆಲಸ ಮಾಡೋ ಮೇಡಮ್ಮು ಮಾತ್ರ ಮಸಿ ಅಂದ್ರೆ ಮಕ್ಕಳು ಇಂಕು ಅನ್ಕೋತಾರೆ, “ಇಂಗಾಲದ ಸೂಕ್ಷ್ಮ ಕಣ” ಅಂತ ಹಾಕಿ ಅಂತಿದಾರೆ. ನಂಗೆ ಒಪ್ಪಿಗೆ ಇಲ್ಲ, ಮಸಿಬಟ್ಟೆ ಇಲ್ಲದ ಅಡುಗೆಮನೆ ಯಾವ್ದಿದೆ ಹೇಳಿ? ಕಾಡಿಗೆ ಅನ್ನಬಹುದಿತ್ತು, ಹರಳೆಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ತೆಗೆಯೋದೂ ಇದೇ ಕಾರ್ಬನ್ನೇ, ಆದ್ರೆ ಅದು ಕಣ್ಣಿಗೆ ಹಚ್ಚೋದು ಅಂತ ಗಟ್ಟಿಯಾಗಿ ನಿಂತುಬಿಟ್ಟಿದೆ, ಬಸ್ಸಿನ ಹೊಗೆಕೊಳವೇಲಿ ಕಾಡಿಗೆ ಅಂದ್ರೆ ನಗ್ತಾರೆ.

ಇನ್ನು ಇಲ್ಲಣ. ಸೌದೆ ಒಲೆ ಇರೋ ಮನೇಲಿ ಸೂರಿಂದ ಜೇಡರಬಲೆ ಜೊತೆ ಕಪ್ಪಗೆ ತೂಗಾಡೋದು ಅಂತ ನಂಗೆ ಗೊತ್ತಿರೋ ಅರ್ಥ. ಉರಿಯೋವಾಗ ಹುಟ್ಟೋದು ಮಸಿ, ಆಮೇಲೆ ಗೋಡೆಗೋ ಸೈಲೆನ್ಸರಿಗೋ ಹತ್ತಿ ಕೂರೋದು ಇಲ್ಲಣ ಅಂತ ಬೇರೆ ಮಾಡ್ಕೊಂಡ್ರೆ ಚೆನ್ನಾಗಿರತ್ತೆ ಅನ್ನೋ ಆಸೆ ನಂದು, ಬಳಕೆ ಒಪ್ಪತ್ತೋ ಇಲ್ವೋ.

ಅದೇ ಕರಡಲ್ಲಿ “ಇಂಧನದಿಂದ ಬರುವ ನೈಟ್ರೋಜನ್ ಆಕ್ಸೈಡ್” ಅಂತಲೂ ಇದೆ. ಇದು ಬರೀ ಕ್ರಿಯಾಪದದ ಜಗಳ ಅಲ್ಲ. ಗಂಧಕ ಇಂಧನದಲ್ಲೇ ಇದ್ದು ಬರೋದು, ಅದಕ್ಕೇ 2020ರ ಏಪ್ರಿಲಲ್ಲಿ ವಾಹನದ ಹೊಗೆಗೆ ಮಿತಿ ಹಾಕೋ ಬಿಎಸ್-6 ನಿಯಮ ಬಂದಾಗ ಅದನ್ನ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಪಾಲು) 10ಕ್ಕೆ ಇಳಿಸಿದ್ದು. ನೈಟ್ರೋಜನ್ನು ಎಂಜಿನ್ ಎಳ್ಕೊಳ್ಳೋ ಗಾಳೀದು, ಒಳಗಿನ ವಿಪರೀತ ಶಾಖಕ್ಕೆ ಆಕ್ಸಿಜನ್ ಜೊತೆ ಸೇರತ್ತೆ. ಹಂಗಾಗಿ ಮೊದಲನೇದಕ್ಕೆ “ಇಂಧನದಿಂದ ಬರುವ”, ಎರಡನೇದಕ್ಕೆ “ಉರಿಯಲ್ಲಿ ಹುಟ್ಟುವ” ಅಂತ ಮಾಡಿದೀನಿ.

ಕೊನೇದು. ಬಿಸಿಲಲ್ಲಿ ಕ್ಲೋರಿನ್ನು ಮೀಥೇನಿನ ಒಂದು ಹೈಡ್ರೋಜನ್ ಜಾಗಕ್ಕೆ ಬಂದು ಕೂರೋ ಕ್ರಿಯೆಗೆ ‘ಆದೇಶನ’ ಅಂತಾರೆ. ಸರ್ಕಾರಿ ಆದೇಶದ ನೆನಪಾಗತ್ತೆ ಅಂತ ಒಬ್ರು ಗೊಣಗಿದ್ರು, ಆದ್ರೆ ಮಳೆ + ಕಾಲ ಮಳೆಗಾಲ ಆಗೋ ಆದೇಶ ಸಂಧಿ ಅದೇ ತರಗತಿ ಮಕ್ಕಳಿಗೆ ಗೊತ್ತೇ ಇರತ್ತಲ್ಲ, ಇದನ್ನ ಬಿಡಲ್ಲ.

ಈಗ ನಂಗೆ ಬೇಕಾಗಿರೋದು: ನಿಮ್ಮ ಕಡೆ ಲಾಟೀನ್ ಗ್ಲಾಸಿಗೆ, ಚಿಮಣಿ ಬುಡ್ಡಿ ಪಕ್ಕದ ಗೋಡೆಗೆ ಹಿಡಿಯೋ ಕಪ್ಪಿಗೆ ಏನಂತಾರೆ? ಇಲ್ಲಣ ಸೂರಿಗೆ ಮಾತ್ರವಾ? ಊರಿನ ಸೀಮೆ ಜೊತೆಗೆ ತಿಳಿಸಿ.