ಫೋಟೊ ಸಣ್ಣದು ಮಾಡಿದರೆ ಕೆಡುತ್ತದೆ ಯಾಕೆ? ಸ್ಟುಡಿಯೊದವರನ್ನು ಕೇಳಿ

ನಮಸ್ಕಾರ ರೀ ಎಲ್ಲರಿಗೂ. ಗದಗಿನಲ್ಲಿ ನನ್ನದೊಂದು ಸ್ಟುಡಿಯೊ ಇದೆ. ರೀಲ್ ಕ್ಯಾಮೆರಾ ಕಾಲದಿಂದ ಇದೇ ಕೆಲಸ. ಫೋಟೊ ಸೈಜ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ ಹೋದ ವಾರ ಗ್ರೂಪಿನಲ್ಲಿ ಹಾಕಿದ್ದೆ. ಬಂದ ಪ್ರಶ್ನೆ ನೋಡಿ: ಬ್ಯಾಂಕ್ ಪರೀಕ್ಷೆ, ಮೆಣಸಿನಕಾಯಿ, ಸೀರೆ, ಫ್ಲೆಕ್ಸ್, ಹಕ್ಕಿ! ಆದರೆ ರೋಗ ಹೆಚ್ಚುಕಡಿಮೆ ಒಂದೇ. ಫೋಟೊವನ್ನು ನಾವು ಸಣ್ಣದು ಮಾಡದಿದ್ದರೆ ಬೇರೆ ಯಾರೋ ಮಾಡುತ್ತಾರೆ. ಅದರಲ್ಲಿ ಯಾವುದು ಮುಖ್ಯ ಅನ್ನೋದು ಅವರಿಗೆ ಗೊತ್ತಿರುವುದಿಲ್ಲ.

ಧಾರವಾಡದಿಂದ, ಪರೀಕ್ಷೆಗೆ ಓದುತ್ತಿರುವ ತಂಗಿ: ಸರ್, ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದ್ತಿದೀನಿ. ಅರ್ಜಿಗೆ ಹಾಕೋ ಫೋಟೊ 20ರಿಂದ 50 ಕೆಬಿ ಒಳಗೆ ಇರಬೇಕಂತೆ. ಫೋನಿನಲ್ಲಿ ತೆಗೆದದ್ದು 4 ಎಂಬಿ ಇದೆ. ನೆಟ್ ಸೆಂಟರ್‌ನಲ್ಲಿ ಸಣ್ಣದು ಮಾಡಿಸಿದೆ, ಮುಖ ದಪ್ಪ ಬಂತು. ನಾನು ಅಷ್ಟು ದಪ್ಪ ಇಲ್ಲ ಸರ್.

ಉತ್ತರ: ನೀವು ದಪ್ಪ ಇಲ್ಲ ತಂಗಿ, ಅವರ ಲೆಕ್ಕ ತಪ್ಪಿದೆ. 12 ಮೆಗಾಪಿಕ್ಸೆಲ್ ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೊ 3000 ಪಿಕ್ಸೆಲ್ (ಅಂದರೆ ಚುಕ್ಕೆ) ಅಗಲ, 4000 ಪಿಕ್ಸೆಲ್ ಎತ್ತರ ಇರುತ್ತದೆ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅರ್ಜಿಯಲ್ಲಿ ಕೇಳುವುದು 200 ಅಗಲ, 230 ಎತ್ತರ. ಹಾಗೇ ತುರುಕಿದರೆ ಅಗಲ 15 ಪಟ್ಟು ಕುಗ್ಗುತ್ತದೆ, ಎತ್ತರ 17 ಪಟ್ಟಿಗಿಂತ ಜಾಸ್ತಿ ಕುಗ್ಗುತ್ತದೆ. ಮೇಲಿಂದ ಕೈ ಇಟ್ಟು ಒತ್ತಿದ ಹಾಗೆ ಆಗಿ ಮುಖ ಹರಡಿಕೊಳ್ಳುತ್ತದೆ. ರಿಸೈಜ್ ಮಾಡುವ ಕಡೆ 'ಮೇಂಟೇನ್ ಆಸ್ಪೆಕ್ಟ್ ರೇಶಿಯೊ' (ಅಗಲ ಎತ್ತರದ ಹೊಂದಿಕೆ ಹಾಗೇ ಇಡು) ಅಂತ ಒಂದು ಟಿಕ್ ಇರುತ್ತದೆ. ಅವರು ಅದನ್ನು ತೆಗೆದುಬಿಟ್ಟಿದ್ದಾರೆ.

ಸರಿಯಾದ ದಾರಿ ಅಂದರೆ ಮೊದಲು ಕತ್ತರಿಸುವುದು, ಆಮೇಲೆ ಕುಗ್ಗಿಸುವುದು. 200ಕ್ಕೆ 230ರ ಲೆಕ್ಕದಲ್ಲೇ ಕ್ರಾಪ್ ಮಾಡಿ. 3000 ಅಗಲ ಪೂರ್ತಿ ಇಟ್ಟರೆ ಎತ್ತರ 3450 ಬರುತ್ತದೆ. ಮುಖಕ್ಕೆ ಹತ್ತಿರ ಕತ್ತರಿಸಿದರೆ ಇನ್ನೂ ಚಲೋ, ಮುಖ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಟಿಕ್ ಹಾಗೇ ಇಟ್ಟು ಅಗಲ 200 ಅಂತ ಕೊಡಿ. ಎತ್ತರ ತಾನೇ 230ಕ್ಕೆ ಬಂದು ನಿಲ್ಲುತ್ತದೆ.

ಪಿಕ್ಸೆಲ್ ಬೇರೆ, ಕೆಬಿ ಬೇರೆ. ಇದನ್ನು ಅಂಗಡಿಗೆ ಬಂದವರಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಕೌದಿಯ ಉದ್ದಗಲ ಬೇರೆ, ಅದನ್ನೇ ಮಡಚಿ ಟ್ರಂಕಿನಲ್ಲಿ ತುರುಕಿದಾಗ ಹಿಡಿಯುವ ಜಾಗ ಬೇರೆ, ಅಲ್ವಾ? ಪಿಕ್ಸೆಲ್ ಅಂದರೆ ಉದ್ದಗಲ. ಎಷ್ಟು ಬಿಗಿಯಾಗಿ ಮಡಚಬೇಕು ಅನ್ನುವುದು ಜೆಪೆಗ್‌ನ (ಫೋಟೊ ಹಿಂಡಿ ಸಣ್ಣ ಫೈಲ್ ಮಾಡುವ ಮಾದರಿ) ಕ್ವಾಲಿಟಿ ಅಂಕಿ. ಉದ್ದಗಲ 4000 ಹಾಗೇ ಇಟ್ಟು ಕ್ವಾಲಿಟಿ ಮಾತ್ರ ಇಳಿಸಿ 50 ಕೆಬಿಗೆ ತರಲು ಹೋದರೆ ಮುಖದ ತುಂಬ ಚೌಕ ಚೌಕ ಏಳುತ್ತವೆ. ಜೆಪೆಗ್ ಫೋಟೊವನ್ನು 8ಕ್ಕೆ 8 ಪಿಕ್ಸೆಲ್‌ನ ಡಬ್ಬಿಗಳಾಗಿ ಒಡೆದು ಲೆಕ್ಕ ಮಾಡುತ್ತದೆ. ಜಾಸ್ತಿ ಹಿಂಡಿದಾಗ ಕಾಣುವುದು ಅದೇ ಡಬ್ಬಿಗಳು.

ಅದೇ ತಂಗಿ: ಕಂಪ್ಯೂಟರಿನ ಪೇಂಟ್‌ನಲ್ಲಿ ಮಾಡಿದೆ ಸರ್, ಮುಖ ಸರಿ ಬಂತು. ಆದರೆ ಈಗ 14 ಕೆಬಿ ಆಗಿದೆ. ಕಡಿಮೆ ಆಯ್ತು ಅಂತ ತಗೊಳ್ತಾ ಇಲ್ಲ!

ಉತ್ತರ: ಎಲ್ಲರೂ ಜಾಸ್ತಿ ಆಯ್ತು ಅಂತ ಅಳುತ್ತಾರೆ, ನಿಮ್ಮದು ಉಲ್ಟಾ. ಪೇಂಟ್‌ನಲ್ಲಿ ಕ್ವಾಲಿಟಿ ಬದಲಿಸಲು ಬರುವುದಿಲ್ಲ. ಗಿಂಪ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದರಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಕ್ವಾಲಿಟಿ ಕೇಳುತ್ತದೆ. 95 ಅಥವಾ ಅದಕ್ಕೂ ಮೇಲೆ ಕೊಡಿ, 20 ದಾಟುತ್ತದೆ. ಆದರೆ ಆ 14 ಕೆಬಿ ಫೈಲನ್ನು ತೆರೆದು ಮಾಡಬೇಡಿ. ಫೋನಿನಿಂದ ಬಂದ ಮೂಲ ಫೋಟೊದಿಂದಲೇ ಮತ್ತೆ ಶುರು ಮಾಡಿ. ಒಮ್ಮೆ ಹೋದ ವಿವರ ವಾಪಸ್ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಡಿಜಿಟಲ್ ಹೊಸದಾಗಿ ಬಂದಾಗ ಒಂದು ಮದುವೆಯ ಫೋಟೊಗಳನ್ನು ಇಮೇಲ್‌ಗೆ ಅಂತ 800 ಪಿಕ್ಸೆಲ್‌ಗೆ ಇಳಿಸಿದೆ. 'ಸೇವ್ ಆ್ಯಸ್' ಒತ್ತುವ ಬದಲು 'ಸೇವ್' ಒತ್ತಿದೆ. ಮೂಲ ಫೈಲುಗಳ ಮೇಲೇ! ಆ ಮನೆಯವರಿಗೆ ಆಲ್ಬಮ್ ಹಾಳೆ ತುಂಬ ಒಂದೇ ಫೋಟೊ ಬೇಕಿತ್ತು. ಒಂದು ಹಾಳೆಗೆ ಆರಾರು ಸಣ್ಣ ಫೋಟೊ ಜೋಡಿಸಿ ಕೊಟ್ಟೆ, ಇದೇ ಹೊಸ ಡಿಸೈನ್ ಅಂತ ಹೇಳಿ. ಅವರು ನಂಬಿದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಬ್ಯಾಡಗಿಯಿಂದ, ಮೆಣಸಿನಕಾಯಿ ದಲಾಲಿ ಅಂಗಡಿಯವರು: ಅಣ್ಣಾರ, ದೂರದ ಪಾರ್ಟಿಗೆ ಮಾಲಿನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸ್ತೀವಿ. ನನ್ನ ಫೋನಿನಲ್ಲಿ ಡಬ್ಬಿ ತಳಿಯ ಕಾಯಿಯ ಸುಕ್ಕು ಒಂದೊಂದೂ ಕಾಣ್ತದೆ. ಆ ಕಡೆ ಹೋದ ಮೇಲೆ ಕೆಂಪು ಬಣ್ಣ ಕಲಸಿಟ್ಟ ಹಾಗೆ ಕಾಣ್ತದಂತೆ. ಬೇರೆ ಫೋಟೊ ಹೋದರೆ ಹಿಂಗಾಗಲ್ಲ. ಮೆಣಸಿನಕಾಯಿಗೆ ಮಾತ್ರ ಯಾಕೆ?

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ಭಾಳ ಹಿಡಿಸಿದ್ದು ಇದು. ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಕೆಂಪು ಮಾಲಿಗೆ ನಿಜವಾಗಿಯೂ ಅನ್ಯಾಯ ಆಗುತ್ತದೆ.

ಮನುಷ್ಯರ ಕಣ್ಣಿಗೆ ಬೆಳಕು ನೆರಳಿನ ವ್ಯತ್ಯಾಸ ಬೇಗ ಕಾಣುತ್ತದೆ. ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಆದರೆ ಅಷ್ಟು ಗೊತ್ತಾಗುವುದಿಲ್ಲ. 1992ರಲ್ಲಿ ಬಂದ ಜೆಪೆಗ್ ಇದರದೇ ಲಾಭ ಪಡೆಯುತ್ತದೆ. ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಬರೆದಿಡುತ್ತದೆ, ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಬರೆಯುತ್ತದೆ. ಗಿಡ, ಮನೆ, ಮನುಷ್ಯರ ಫೋಟೊದಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಬೆಳಕಿನ ಲೆಕ್ಕದಲ್ಲಿ ಹಸಿರಿಗೆ ಸುಮಾರು 59 ಪರ್ಸೆಂಟ್ ಪಾಲು ಸಿಕ್ಕರೆ ಕೆಂಪಿಗೆ ಸಿಗುವುದು ಸುಮಾರು 30 ಮಾತ್ರ. ನಿಮ್ಮ ರಾಶಿಯಲ್ಲಿ ಇರುವುದೆಲ್ಲ ಕೆಂಪೇ. ಸುಕ್ಕು ಕಾಣಬೇಕಾದದ್ದು ಕೆಂಪು ಮತ್ತು ಕಡುಗೆಂಪಿನ ನಡುವಿನ ಗೆರೆಯಲ್ಲಿ. ಆ ಗೆರೆಯನ್ನೇ ಒರೆಸಿ ಹಾಕಿದ ಹಾಗಾಗುತ್ತದೆ.

ಇದರ ಮೇಲೆ ವಾಟ್ಸಾಪ್ ಬೇರೆ. ಅದು ಮಾಮೂಲಿ ಫೋಟೊದ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ, ಮತ್ತೊಮ್ಮೆ ಹಿಂಡುತ್ತದೆ. ಇಡೀ ಅಂಗಡಿ, ಚೀಲ, ತಕ್ಕಡಿ, ನಿಂತ ಹಮಾಲರು ಎಲ್ಲ ಸೇರಿಸಿ ತೆಗೆದರೆ ಒಂದು ಕಾಯಿಗೆ ಸಿಗುವುದು ಮೂವತ್ತು ನಲವತ್ತು ಪಿಕ್ಸೆಲ್. ಅದರಲ್ಲಿ ಸುಕ್ಕು ಎಲ್ಲಿಂದ ಬರಬೇಕು?

ಹಾಗಾಗಿ ಎರಡು ಫೋಟೊ ತೆಗೆಯಿರಿ. ಒಂದು ರಾಶಿಯದು. ಇನ್ನೊಂದು ಅಂಗೈ ಮೇಲೆ ನಾಲ್ಕೈದು ಕಾಯಿ ಇಟ್ಟು, ಹತ್ತಿರದಿಂದ. ಬಿಸಿಲಿನಲ್ಲಿ ಬೇಡ, ಶೆಡ್ಡಿನ ಬಾಗಿಲ ಹತ್ತಿರ ನೆರಳಿನಲ್ಲಿ, ಬೆಳಕು ಒಂದು ಪಕ್ಕದಿಂದ ಬರುವ ಹಾಗೆ ನಿಂತು ತೆಗೆಯಿರಿ. ಸುಕ್ಕಿಗೆ ನೆರಳು ಬಿದ್ದರೆ ಅದು ಬೆಳಕಿನ ಲೆಕ್ಕಕ್ಕೆ ಬರುತ್ತದೆ, ಜೆಪೆಗ್ ಅದನ್ನು ಉಳಿಸುತ್ತದೆ. ಫೋನಿನ ಪರದೆ ಮುಟ್ಟಿ ಬೆಳಕು ಸ್ವಲ್ಪ ಇಳಿಸಿ. ಬೆಳಕು ಜಾಸ್ತಿಯಾಗಿ ಕೆಂಪು ಬಣ್ಣ ತನ್ನ ಮಿತಿ ಮುಟ್ಟಿಬಿಟ್ಟರೆ ಅಲ್ಲಿ ಬರೀ ಒಂದೇ ಬಣ್ಣ ಬಳಿದ ಹಾಗಿರುತ್ತದೆ, ಆಮೇಲೆ ಏನು ಮಾಡಿದರೂ ಸುಕ್ಕು ಬರುವುದಿಲ್ಲ. ಕಳಿಸುವಾಗ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಆಗ ವಾಟ್ಸಾಪ್ ಕೈ ಹಚ್ಚುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡುವವರಾದರೆ ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಸಬ್‌ಸ್ಯಾಂಪ್ಲಿಂಗ್ ಅಂತ ಇರುವಲ್ಲಿ 4:4:4 ಆರಿಸಿ. ಬಣ್ಣವೂ ಪ್ರತಿ ಪಿಕ್ಸೆಲ್‌ಗೆ ಉಳಿಯುತ್ತದೆ, ಫೈಲ್ ಸ್ವಲ್ಪ ದಪ್ಪ ಆಗುತ್ತದೆ ಅಷ್ಟೆ.

ಹುಬ್ಬಳ್ಳಿಯಿಂದ ಒಬ್ಬರು: ನಡುವೆ ಬಾಯಿ ಹಾಕ್ತೀನಿ, ಸಿಟ್ಟಾಗಬೇಡಿ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಫೋಟೊ ಎಲ್ಲಿ ತೆಗೆದದ್ದು ಅನ್ನೋ ಲೊಕೇಶನ್ನೂ ಜೊತೆಗೆ ಹೋಗುತ್ತೆ ಅಲ್ವಾ?

ಉತ್ತರ: ಹೋಗುತ್ತದೆ. ನಾನೇ ಹೇಳಬೇಕಿತ್ತು, ಬಿಟ್ಟುಹೋಯಿತು. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಆ ಜಾಗ ಫೈಲಿನ ಒಳಗೇ ಬರೆದಿರುತ್ತದೆ. ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ತೆಗೆದುಹಾಕುತ್ತದೆ, ಡಾಕ್ಯುಮೆಂಟ್‌ನಲ್ಲಿ ಹಾಗೇ ಇರುತ್ತದೆ. ಅಂಗಡಿ ಮಾಲಿನ ಫೋಟೊಕ್ಕೆ ಅಡ್ಡಿ ಇಲ್ಲ, ಅಂಗಡಿ ವಿಳಾಸ ಬೋರ್ಡಿನ ಮೇಲೇ ಇದೆ. ಮನೆ ಮಕ್ಕಳ ಫೋಟೊ ಅಪರಿಚಿತರಿಗೆ ಹಾಗೆ ಕಳಿಸಬೇಡಿ.

ಬೆಟಗೇರಿಯಿಂದ, ಸೀರೆ ಮಾರುವ ಅಕ್ಕ: ನಮ್ಮ ಮನೆಯ ಮಗ್ಗದ್ದೇ ಸೀರೆ. ಸಣ್ಣ ಚೌಕಳಿ ಇರೋ ಸೀರೆಯ ಫೋಟೊ ಸಣ್ಣದು ಮಾಡಿದ್ರೆ ಅದರ ಮೇಲೆ ನೀರಿನ ಅಲೆ ಹಾಗೆ ಏನೋ ಓಡ್ತದೆ. ಬಟ್ಟೆ ಕೆಟ್ಟಿದೆ ಏನು ಅಂತ ಗಿರಾಕಿ ಕೇಳಿದ್ರು.

ಉತ್ತರ: ಬಟ್ಟೆಗೆ ಏನೂ ಆಗಿಲ್ಲ ಅಕ್ಕಾರ. ಎರಡು ಸೊಳ್ಳೆ ಪರದೆ ಒಂದರ ಮೇಲೊಂದು ಹಿಡಿದು ನೋಡಿ, ಹೀಗೇ ಅಲೆ ಕಾಣುತ್ತದೆ. ಇಲ್ಲಿ ಒಂದು ಪರದೆ ನಿಮ್ಮ ಚೌಕಳಿ, ಇನ್ನೊಂದು ಫೋಟೊದ ಪಿಕ್ಸೆಲ್ ಸಾಲು. ನೇಯ್ಗೆಯ ಗೆರೆ ಪಿಕ್ಸೆಲ್‌ಗಿಂತ ಸಣ್ಣದಾದಾಗ, ಇರುವುದನ್ನು ತೋರಿಸಲಾಗದೆ ಇಲ್ಲದ ಗೆರೆಯನ್ನು ತೋರಿಸುತ್ತದೆ. ಕುಗ್ಗಿಸುವ ಮೊದಲು ಫೋಟೊಕ್ಕೆ ತುಸು ಬ್ಲರ್ ಕೊಟ್ಟರೆ ಅಲೆ ಹೋಗುತ್ತದೆ. ಗಿಂಪ್‌ನ ಸ್ಕೇಲ್ ಇಮೇಜ್‌ನಲ್ಲಿ ಇಂಟರ್‌ಪೊಲೇಶನ್ ಕ್ಯೂಬಿಕ್ ಇರಲಿ. ಇಷ್ಟೆಲ್ಲ ಬೇಡ ಅಂದರೆ ಸೆರಗು, ದಡಿ, ಒಡಲು ಬೇರೆ ಬೇರೆ ಹತ್ತಿರದಿಂದ ತೆಗೆಯಿರಿ. ಮೊಬೈಲಿನಲ್ಲೇ ಮುಗಿಸಬೇಕಾದರೆ ಸ್ನ್ಯಾಪ್‌ಸೀಡ್ ಅನ್ನೋ ಫೋಟೊ ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ ಇಮೇಜ್ ಸೈಜಿಂಗ್ ಅಂತ ಇದೆ, ಅಲ್ಲಿ ಅಳತೆ ಆರಿಸಿಕೊಳ್ಳಬಹುದು.

ಹಾವೇರಿಯಿಂದ: ನಮ್ಮ ಅಜ್ಜನ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಬೇಕು. ಇರೋದು ವಾಟ್ಸಾಪ್‌ನಲ್ಲಿ ಬಂದ ಒಂದೇ ಫೋಟೊ. ಫ್ಲೆಕ್ಸ್ ಅಂಗಡಿಯವರು 72 ಡಿಪಿಐ ಇದೆ, 300 ಮಾಡಿ ತನ್ನಿ ಅಂತಾರೆ.

ಉತ್ತರ: 72 ಅಳಿಸಿ 300 ಬರೆದರೆ ಒಂದು ಪಿಕ್ಸೆಲ್ ಕೂಡ ಜಾಸ್ತಿ ಆಗುವುದಿಲ್ಲ. ಅದು ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಅಚ್ಚು ಹಾಕಬೇಕು ಅನ್ನುವ ಸೂಚನೆ ಅಷ್ಟೆ. 1600ಕ್ಕೆ 1200 ಇರುವ ಫೋಟೊ 300ರಲ್ಲಿ ಅಚ್ಚಾದರೆ ಸುಮಾರು ಐದೂಕಾಲು ಇಂಚಿಗೆ ನಾಲ್ಕು ಇಂಚು. ಫ್ಲೆಕ್ಸನ್ನು ಯಾರೂ ಅಂಗೈಯಲ್ಲಿ ಹಿಡಿದು ನೋಡುವುದಿಲ್ಲ, ರಸ್ತೆ ಆಚೆಯಿಂದ ನೋಡುತ್ತಾರೆ. ಅದಕ್ಕೆ 300 ಬೇಕಾಗಿಲ್ಲ. ಮೊದಲು ಆ ಫೋಟೊ ಯಾರ ಫೋನಿನಲ್ಲಿ ತೆಗೆದದ್ದು ಹುಡುಕಿ, ಮೂಲ ಫೈಲ್ ತರಿಸಿ. ಸಿಗದಿದ್ದರೆ ಇದ್ದದ್ದನ್ನೇ ಹಾಕಿಸಿ, ಮುಖವನ್ನು ಸ್ವಲ್ಪ ಸಣ್ಣದಾಗಿ ಇಡಲು ಹೇಳಿ. ಫೋಟೊ ಸ್ಪಷ್ಟ ಮಾಡುವ ಎಐ ಆ್ಯಪ್‌ಗೆ ಹಾಕುವ ಮುಂಚೆ ಯೋಚಿಸಿ. ಅದು ಇಲ್ಲದ ವಿವರವನ್ನು ತಾನೇ ಊಹಿಸಿ ತುಂಬುತ್ತದೆ. ನಮ್ಮಲ್ಲಿ ಹಾಗೆ ಮಾಡಿಸಿ ತಂದ ಒಂದು ಫೋಟೊ ನೋಡಿ ಮನೆಯ ಅಜ್ಜಿ "ಇವರು ಯಾರಪ್ಪಾ?" ಅಂತ ಕೇಳಿದ್ದರು.

ಲಕ್ಷ್ಮೇಶ್ವರದ ಮಾಸ್ತರರು: ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತಿನ ಫೋಟೊ ತೆಗೆದಿದ್ದೆ. 1200 ಪಿಕ್ಸೆಲ್‌ಗೆ ಇಳಿಸಿ ಗ್ರೂಪಿಗೆ ಹಾಕಿದೆ. ಎಲ್ಲರೂ ಕೆರೆ ಚಲೋ ಬಂದಿದೆ ಅಂದರು!

ಉತ್ತರ: ಸರ್, ನೀವು ಕುಗ್ಗಿಸಿದ್ದು ಕೆರೆಯನ್ನು. 4000 ಅಗಲದ ಫೋಟೊದಲ್ಲಿ ಹಕ್ಕಿ 300 ಪಿಕ್ಸೆಲ್ ಇದ್ದರೆ, 1200ಕ್ಕೆ ಇಳಿಸಿದಾಗ 90ಕ್ಕೆ ಬರುತ್ತದೆ. ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಅಲ್ಲೇ ಮಾಯ. ರಿಸೈಜ್ ಬೇಡವೇ ಬೇಡ, ಹಕ್ಕಿಯ ಸುತ್ತ 1200 ಅಗಲ ಬಿಟ್ಟು ಕ್ರಾಪ್ ಮಾತ್ರ ಮಾಡಿ. ಬೇರೆ ಫೋಟೊ ಕುಗ್ಗಿಸಿದಾಗ ತುಸು ಮಂಕಾದರೆ ಶಾರ್ಪನ್ ಕೊಡಿ, ಆದರೆ ಕುಗ್ಗಿಸಿದ ಮೇಲೆ. ಮೊದಲೇ ಕೊಟ್ಟರೆ ಕುಗ್ಗುವಾಗ ಅರ್ಧ ಹೋಗುತ್ತದೆ.

ಧಾರವಾಡದ ಅದೇ ತಂಗಿ: ಸರ್, ಫೋಟೊ 31 ಕೆಬಿ ಬಂತು, ತಗೊಂಡಿತು! ಸಹಿನೂ 140ಕ್ಕೆ 60 ಮಾಡಿ 12 ಕೆಬಿಗೆ ತಂದೆ. ಕೊನೆಗೆ ಒಮ್ಮೆ ನೋಡ್ತೀರಾ?

ಉತ್ತರ: ನೋಡಿದೆ. ಅಳತೆ ಸರಿ, ತೂಕ ಸರಿ, ಬಿಳಿ ಹಾಳೆ, ಕಪ್ಪು ಇಂಕು ಎಲ್ಲ ಸರಿ. ಆದರೆ ಸಹಿಯನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಮಾಡಿದ್ದೀರಿ. ದೊಡ್ಡಕ್ಷರದ ಸಹಿ ನಡೆಯುವುದಿಲ್ಲ ಅಂತ ನೋಟಿಸಿನಲ್ಲೇ ಬರೆದಿರುತ್ತಾರೆ. ಇದಕ್ಕೆ ಗಿಂಪ್‌ನಲ್ಲಿ ಬಟನ್ ಇಲ್ಲ ತಂಗಿ, ಪೆನ್ನು ತಗೊಳ್ಳಿ.