ಸಹಾಯ ಬೇಕು: ಅರಿಜೋನಾದ ಕೊಚೀಸ್ ಡೋಮ್ ಎಂಬ ಬಂಡೆ ಹತ್ತಿದವರು ಇದ್ದೀರಾ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಟೂಸಾನ್‌ನಲ್ಲಿರುವ ನಾನು ಮತ್ತು ನನ್ನ ತಮ್ಮ ಬರುವ ನವೆಂಬರ್‌ನಲ್ಲಿ ಡ್ರಾಗೂನ್ ಬೆಟ್ಟಸಾಲಿನ ಕೊಚೀಸ್ ಡೋಮ್ ಮೇಲಿರುವ ‘ವಾಟ್ಸ್ ಮೈ ಲೈನ್’ ಮಾರ್ಗವನ್ನು ಹತ್ತಬೇಕೆಂದಿದ್ದೇವೆ. ಗಿಡುಗಗಳು ಗೂಡು ಕಟ್ಟುವ ಕಾಲದಲ್ಲಿ ಅರಣ್ಯ ಇಲಾಖೆಯವರು ಅಲ್ಲಿನ ಕೆಲವು ಬಂಡೆಗಳನ್ನು ಮುಚ್ಚುವುದರಿಂದ ವಸಂತವನ್ನು ಬಿಟ್ಟು ಈ ತಿಂಗಳನ್ನು ಆರಿಸಿಕೊಂಡೆವು.

ಮಾರ್ಗದ ದರ್ಜೆ 5.6 ಎ0: 5.6 ಎಂದರೆ ಏರಿಕೆ ಹೆಚ್ಚು ಕಷ್ಟದ್ದಲ್ಲ, ಎ0 ಎಂದರೆ ಕೆಲವೆಡೆ ಹಗ್ಗ, ಸಲಕರಣೆಯ ಆಸರೆಯಲ್ಲೇ ಸಾಗಬೇಕು. ದರ್ಜೆ ನೋಡಿದರೆ ಸುಲಭವೆನಿಸುತ್ತದೆ. ಆದರೆ ಆರಂಭದಲ್ಲೇ ಹಗ್ಗಕ್ಕೆ ಜೋತುಬಿದ್ದು ನುಣುಪಾದ ಬಂಡೆಯ ಮೇಲೆ ಅಡ್ಡಲಾಗಿ ಸಾಗಬೇಕು, ಆಮೇಲೆ ಕಡಿದಾದ ಮುಖದಿಂದ ಹೊರಚಾಚಿರುವ ಕಲ್ಲಿನ ಗಂಟುಗಳಿಗೆ ಸ್ಲಿಂಗ್ (ಗಟ್ಟಿ ಪಟ್ಟಿಯ ಬಳೆ) ಸುತ್ತಿ ಅದನ್ನೇ ರಕ್ಷಣೆಯಾಗಿ ನಂಬಬೇಕು. ನಾವಿಬ್ಬರೂ ಕಲಿತದ್ದು ರಾಮನಗರದ ಗ್ರಾನೈಟ್ ಮೇಲೆ. ಅಲ್ಲಿ ನಾವು ಹತ್ತಿದ್ದೆಲ್ಲ ಹಗ್ಗ ಸಿಕ್ಕಿಸಲು ಬಂಡೆಗೆ ಮೊದಲೇ ಬೋಲ್ಟ್ ಹಾಕಿದ ಮಾರ್ಗಗಳೇ ಆದ್ದರಿಂದ ಈ ಪದ್ಧತಿ ನಮಗೆ ಹೊಸದು.

ಅಡ್ಡ ಸಾಗುವಾಗ ಎರಡನೆಯವನನ್ನು ಸುರಕ್ಷಿತವಾಗಿ ದಾಟಿಸುವುದು ಹೇಗೆ ಎಂಬುದೇ ನನ್ನ ದೊಡ್ಡ ಚಿಂತೆ. ಮುಂದೆ ಹೋಗುವವನಿಗಿಂತ ಹಿಂದೆ ಬರುವವನಿಗೇ ಅಲ್ಲಿ ಅಪಾಯ ಹೆಚ್ಚೆಂದು ನನ್ನ ಅಂದಾಜು. ಕಲ್ಲಿನ ಗಂಟಿನ ಮೇಲಿಂದ ಸ್ಲಿಂಗ್ ಜಾರಿಬಿಡದಂತೆ ನೀವು ಅದಕ್ಕೆ ಯಾವ ಕುಣಿಕೆ ಹಾಕುತ್ತೀರಿ, ಸ್ಲಿಂಗ್‌ಗಳ ಜೊತೆಗೆ ಎಷ್ಟು ಕ್ಯಾಮ್ (ಬಂಡೆಯ ಬಿರುಕಿನಲ್ಲಿ ಸಿಕ್ಕಿಸುವ ರಕ್ಷಣಾ ಸಾಧನ) ಒಯ್ಯುವುದು ಒಳ್ಳೆಯದು, ಇಳಿಯಲು 60 ಮೀಟರಿನ ಒಂದೇ ಹಗ್ಗ ಸಾಕಾಗುತ್ತದೆಯೇ ಎಂಬುದನ್ನು ಹತ್ತಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಪಶ್ಚಿಮದ ಕಡೆಯಿಂದ ಬಂಡೆಯ ಬುಡಕ್ಕೆ ಹೋಗುವ ಕಾಲುದಾರಿಯ ಗುರುತುಗಳನ್ನು ಹೇಳಿದರೂ ಉಪಕಾರವಾಗುತ್ತದೆ.