ಎಲ್‌ವಿಎನ್ ಕೋರ್ಸ್ ಮುಗಿಯಿತು, ಎನ್‌ಕ್ಲೆಕ್ಸ್-ಪಿಎನ್‌ಗೆ ಹೇಗೆ ಓದಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಊರು ಹಾಸನ, ಈಗ ಡಲ್ಲಾಸ್ ಹತ್ತಿರ ಇದ್ದೇವೆ. ಮಗಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಇಲ್ಲೇ ಎಲ್‌ವಿಎನ್ (ಲೈಸೆನ್ಸ್ಡ್ ವೊಕೇಶನಲ್ ನರ್ಸ್) ಆಗಲು ವೊಕೇಶನಲ್ ನರ್ಸಿಂಗ್ ಕೋರ್ಸ್ ಸೇರಿದೆ. ಈಗ ಮುಗಿಯಿತು. ಲೈಸೆನ್ಸ್‌ಗೆ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಪ್ರಾಕ್ಟೀಸ್ ಮಾಡ್ತಿದ್ದೇನೆ, ಆದರೆ ಅರ್ಧಕ್ಕರ್ಧ ತಪ್ಪಾಗುತ್ತಿದೆ. ಪುಸ್ತಕವನ್ನೆಲ್ಲ ಮತ್ತೆ ಮೊದಲಿನಿಂದ ಓದಬೇಕಾ?

ಉತ್ತರ: ಬೇಡ, ಖಂಡಿತ ಬೇಡ. ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವು ಮಾಡುತ್ತಿರುವ ಪ್ರಶ್ನೆಗಳು ಪಿಎನ್‌ಗೆ, ಅಂದರೆ ನಿಮ್ಮಂಥ ಎಲ್‌ವಿಎನ್‌ಗಳ ಪರೀಕ್ಷೆಗೆ ಇರುವವೇ, ಅಥವಾ ಯಾರೋ ಕೊಟ್ಟ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಪ್ರಶ್ನೆಗಳೇ? ತುಂಬಾ ಜನ ಆರ್‌ಎನ್ ಗೆಳತಿಯರ ಹಳೇ ಪುಸ್ತಕ ಹಿಡಿದು ಕೂರುತ್ತಾರೆ. ರೋಗಗಳು ಅವೇ, ಔಷಧಿಗಳೂ ಅವೇ. ಆದರೆ ಉತ್ತರ ಬೇರೆ ಆಗುತ್ತದೆ, ಯಾಕೆಂದರೆ ಕೆಲಸ ಬೇರೆ.

ಉದಾಹರಣೆಗೆ ಇಂಥ ಒಂದು ಪ್ರಶ್ನೆ. ನಾಲ್ಕು ಜನ ರೋಗಿಗಳಿದ್ದಾರೆ. ಒಬ್ಬರು ಈಗಷ್ಟೇ ಆಪರೇಷನ್ ಥಿಯೇಟರಿಂದ ಬಂದಿದ್ದಾರೆ. ಒಬ್ಬರಿಗೆ ರಕ್ತ ಕೊಡಲು ಶುರು ಮಾಡಬೇಕು. ಮೂರನೆಯವರಿಗೆ ಶುಗರ್ ಇದೆ, ಕಾಲಿನ ಹಳೇ ಗಾಯಕ್ಕೆ ದಿನಾ ಡ್ರೆಸ್ಸಿಂಗ್ ನಡೆಯುತ್ತಿದೆ. ನಾಲ್ಕನೆಯವರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಮೊದಲ ಸಲ ಕಲಿಸಬೇಕು. ಎಲ್‌ವಿಎನ್‌ಗೆ ಯಾರನ್ನು ಕೊಡಬೇಕು?

ಮೂರನೆಯವರನ್ನು. ಸ್ಥಿತಿ ಸ್ಥಿರವಾಗಿದೆ, ಮುಂದೇನಾಗುತ್ತದೆ ಅನ್ನುವುದು ಗೊತ್ತಿದೆ. ಮೊದಲ ಅಸೆಸ್‌ಮೆಂಟ್, ಮೊದಲ ಪಾಠ, ಕೇರ್ ಪ್ಲಾನ್ ಮಾಡುವುದು ಆರ್‌ಎನ್ ಕೆಲಸ. ನೀವು ಮಾಹಿತಿ ಕಲೆ ಹಾಕುತ್ತೀರಿ, ಆರ್‌ಎನ್ ಕಲಿಸಿದ್ದನ್ನು ಮತ್ತೆ ನೆನಪಿಸುತ್ತೀರಿ, ಬದಲಾವಣೆ ಕಂಡರೆ ತಿಳಿಸುತ್ತೀರಿ. ವಾರ್ಡಿನಲ್ಲಿ ಎಲ್‌ವಿಎನ್‌ಗಳು ಇದಕ್ಕಿಂತ ಜಾಸ್ತಿ ಮಾಡುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಪರೀಕ್ಷೆಯಲ್ಲಿ ಅದನ್ನು ಮರೆತುಬಿಡಿ. ಈ ಭಾಗಕ್ಕೆ ಕೋಆರ್ಡಿನೇಟೆಡ್ ಕೇರ್ ಅಂತ ಹೆಸರು. ಇಡೀ ಪರೀಕ್ಷೆಯಲ್ಲಿ ಇದರ ಪಾಲೇ ದೊಡ್ಡದು, 18ರಿಂದ 24 ಪರ್ಸೆಂಟ್. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ತಪ್ಪಾದ ಪ್ರಶ್ನೆಗಳು. ಬರೀ ಸರಿ ಉತ್ತರ ನೋಡಿ ಮುಂದೆ ಹೋಗಬೇಡಿ. ವಿಷಯವೇ ಗೊತ್ತಿರಲಿಲ್ಲವಾ, ಪ್ರಶ್ನೆ ಸರಿಯಾಗಿ ಓದಲಿಲ್ಲವಾ, ಅಥವಾ ನನ್ನ ಕೆಲಸ ಅಲ್ಲದ್ದನ್ನು ಆರಿಸಿದೆನಾ ಅಂತ ಪಕ್ಕದಲ್ಲಿ ಬರೆದಿಡಿ. ಒಂದು ವಾರದಲ್ಲಿ ನಿಮ್ಮ ರೋಗ ನಿಮಗೇ ಗೊತ್ತಾಗುತ್ತದೆ. ವಿಷಯ ಗೊತ್ತಿಲ್ಲದ ಕಡೆ ಮಾತ್ರ ಪುಸ್ತಕ ತೆಗೆಯಿರಿ.

ಪ್ರಶ್ನೆ (ಅದೇ ಸದಸ್ಯೆ): ಥ್ಯಾಂಕ್ಸ್ ಮೇಡಂ. ಆರ್‌ಎನ್ ಪುಸ್ತಕವೇ ಹಿಡಿದಿದ್ದೆ! ಇನ್ನೊಂದು, 'ಸರಿಯಾದವನ್ನೆಲ್ಲ ಆರಿಸಿ' ಅನ್ನೋ ಪ್ರಶ್ನೆ ಬಂದರೆ ಕೈಕಾಲು ಆಡಲ್ಲ. ಡೌಟ್ ಇದ್ದರೆ ಎಲ್ಲಾ ಒತ್ತಿಬಿಡಲಾ?

ಉತ್ತರ: ಒತ್ತಬೇಡಿ! ಏಪ್ರಿಲ್ 2023ರಿಂದ ಹೊಸ ಮಾದರಿ ಪರೀಕ್ಷೆ ನಡೆಯುತ್ತಿದೆ. ಇಂಥ ಪ್ರಶ್ನೆಗಳಲ್ಲಿ ಸರಿಯಾದ ಪ್ರತಿ ಆಯ್ಕೆಗೆ ಒಂದು ಅಂಕ ಸಿಗುತ್ತದೆ, ತಪ್ಪು ಆಯ್ಕೆಗೆ ಒಂದು ಹೋಗುತ್ತದೆ. ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ, ಅಷ್ಟೇ ಸಮಾಧಾನ. ಒಂದೊಂದು ಆಯ್ಕೆಯನ್ನೂ ಬೇರೆ ಪ್ರಶ್ನೆ ಅಂದುಕೊಂಡು ಹೌದು, ಅಲ್ಲ ಅಂತ ಹೇಳಿಕೊಳ್ಳಿ. ಎಷ್ಟು ಸರಿ ಇರಬೇಕು ಅಂತ ಎಣಿಸುತ್ತಾ ಕೂರಬೇಡಿ.

ಕೇಸ್ ಸ್ಟಡಿಗಳೂ ಬರುತ್ತವೆ. ಒಬ್ಬ ರೋಗಿಯ ಚಾರ್ಟ್ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ. ಚಾರ್ಟಿನಲ್ಲಿ ಯಾವುದು ಅಪಾಯದ ಸೂಚನೆ ಅನ್ನುವುದರಿಂದ ಶುರುವಾಗಿ, ನೀವು ಮಾಡಿದ್ದು ಕೆಲಸ ಮಾಡಿತಾ ಅನ್ನುವವರೆಗೆ ಹೋಗುತ್ತದೆ. ನಿಮಗೆ ಕ್ಲಿನಿಕಲ್ ಡ್ಯೂಟಿ ನೆನಪು ಹಸಿಯಾಗಿದೆ. ಅದಕ್ಕೇ ತುಂಬಾ ತಡ ಮಾಡಬೇಡಿ ಅನ್ನುವುದು.

ಪ್ರಶ್ನೆ (ಹೂಸ್ಟನ್‌ನಿಂದ): ಅಕ್ಕಾ, 85ನೇ ಪ್ರಶ್ನೆಗೆ ಕಂಪ್ಯೂಟರ್ ಆಫ್ ಆದರೆ ಪಾಸ್ ಅಂತಾರೆ, ನಿಜಾನಾ?

ಉತ್ತರ: ಅರ್ಧ ನಿಜ. ಕಡಿಮೆ ಅಂದರೆ 85, ಜಾಸ್ತಿ ಅಂದರೆ 150 ಪ್ರಶ್ನೆ. ನೀವು ಪಾಸ್ ಗೆರೆಯ ಮೇಲಿದ್ದೀರಾ ಕೆಳಗಿದ್ದೀರಾ ಅನ್ನುವುದು 95 ಪರ್ಸೆಂಟ್ ಖಾತ್ರಿ ಆದ ಕೂಡಲೇ ಪರೀಕ್ಷೆ ನಿಲ್ಲುತ್ತದೆ. 85ಕ್ಕೇ ನಿಂತರೆ ಚೆನ್ನಾಗಿ ಪಾಸಾಗಿರಬಹುದು, ಚೆನ್ನಾಗಿ ಫೇಲೂ ಆಗಿರಬಹುದು. 150ರವರೆಗೆ ಹೋದವರೂ ಪಾಸಾಗುತ್ತಾರೆ. ಪ್ರಶ್ನೆ ಕಷ್ಟವಾಗುತ್ತಾ ಹೋದರೆ ಹೆದರಬೇಡಿ, ಹಿಂದಿನದಕ್ಕೆ ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟವಾಗುವುದೇ ಅದರ ಲೆಕ್ಕ. ಬಿಟ್ಟು ಮುಂದೆ ಹೋಗಲು ಆಗಲ್ಲ, ಹಿಂದಕ್ಕೂ ಬರಲು ಆಗಲ್ಲ. ಒಟ್ಟು ಐದು ಗಂಟೆ, ಬ್ರೇಕೂ ಅದರಲ್ಲೇ.

ಪ್ರಶ್ನೆ (ಹಾಸನದ ಸದಸ್ಯೆ): ಅಪ್ಲಿಕೇಶನ್ ಬಗ್ಗೆ ಏನಾದರೂ ಎಚ್ಚರಿಕೆ?

ಉತ್ತರ: ಹೆಸರು! ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್), ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಹೆಸರು, ಕಾಲೇಜಿನಲ್ಲಿ ಇನಿಷಿಯಲ್. ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಕಂಪನಿಯಲ್ಲಿ 200 ಡಾಲರ್ ಕಟ್ಟಿ ನೋಂದಾಯಿಸುವ ಹೆಸರು ಪರೀಕ್ಷೆ ದಿನ ತೋರಿಸುವ ಐಡಿ ಜೊತೆ ಹೊಂದಲೇಬೇಕು. ಇಲ್ಲದಿದ್ದರೆ ಒಳಗೇ ಬಿಡಲ್ಲ, ದುಡ್ಡೂ ಹೋಗುತ್ತದೆ. ಎಟಿಟಿ, ಅಂದರೆ ಪರೀಕ್ಷೆ ಬರೆಯಲು ಅನುಮತಿ ಪತ್ರ ಬಂದ ದಿನವೇ ಒಂದೊಂದು ಅಕ್ಷರ ನೋಡಿ, ಅದರ ಅವಧಿಯೊಳಗೇ ಬರೆಯಬೇಕು ಅನ್ನುವುದೂ ನೆನಪಿರಲಿ. ಟೆಕ್ಸಾಸ್‌ನಲ್ಲಿ ಬೆರಳಚ್ಚು ತಪಾಸಣೆ ಮತ್ತು ನರ್ಸಿಂಗ್ ಕಾನೂನಿನ ಪುಟ್ಟ ಆನ್‌ಲೈನ್ ಪರೀಕ್ಷೆ ಬೇರೆ ಇದೆ. ಅದನ್ನು ಈಗಲೇ ಮುಗಿಸಿ.

ಪ್ರಶ್ನೆ (ಮಂಡ್ಯದಿಂದ): ಮೇಡಂ, ನಾನು ಇಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ್ದೇನೆ. ಸುಲಭ ಅಂತ ಪಿಎನ್ ಪರೀಕ್ಷೆ ಬರೆಯಲಾ?

ಉತ್ತರ: ಅವಸರ ಬೇಡ ತಂಗಿ. ಜಿಎನ್‌ಎಂ ಓದಿದವರು ಸಾಮಾನ್ಯವಾಗಿ ಹೋಗುವುದು ಆರ್‌ಎನ್ ದಾರಿಯಲ್ಲಿ. ಯಾವ ರಾಜ್ಯಕ್ಕೆ ಹೋಗಬೇಕೋ ಆ ರಾಜ್ಯದ ಬೋರ್ಡ್ ಆಫ್ ನರ್ಸಿಂಗ್ ನಿಮ್ಮ ಓದನ್ನು ಯಾವುದಕ್ಕೆ ಒಪ್ಪುತ್ತದೆ ಅಂತ ಮೊದಲು ಕೇಳಿ. ಟ್ರೂಮೆರಿಟ್‌ನಂಥ (ಮೊದಲಿನ ಹೆಸರು ಸಿಜಿಎಫ್‌ಎನ್‌ಎಸ್) ಸಂಸ್ಥೆ ನಿಮ್ಮ ಅಂಕಪಟ್ಟಿ, ಕ್ಲಿನಿಕಲ್ ಗಂಟೆಗಳು, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಎಲ್ಲ ಪರಿಶೀಲಿಸುತ್ತದೆ. ಕಾಲೇಜಿನಿಂದ ಆ ಕಾಗದ ತರಿಸುವುದಕ್ಕೇ ಓಡಾಟ ಜಾಸ್ತಿ, ಈಗಿನಿಂದಲೇ ಶುರು ಮಾಡಿ. ಎನ್‌ಕ್ಲೆಕ್ಸ್-ಆರ್‌ಎನ್ ಬೆಂಗಳೂರಿನಲ್ಲೇ ಬರೆಯಬಹುದು, ಆದರೆ ಅಮೆರಿಕದ ಹೊರಗೆ ಬರೆಯುವುದಕ್ಕೆ ಶುಲ್ಕ ಜಾಸ್ತಿ ಆಗುತ್ತದೆ. ಯಾವುದಾದರೂ ಏಜೆಂಟ್ ಪಿಎನ್‌ಗೆ ಹೋಗಿ ಅಂದರೆ, ಬೋರ್ಡಿನ ಲಿಖಿತ ಉತ್ತರ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.